ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್ ಏಳದಿದ್ದರೆ

ವಿಂಡೋಸ್ ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್ ಏಳುತ್ತಿಲ್ಲವೇ? ನೂಲದಿಂದ ಗಡಹಿಂಗ್ಲಜದ ರಿಪೇರಿ ಅಂಗಡಿಗೆ ಹೊರಡುವ ಮುನ್ನ ಸ್ವಲ್ಪ ತಾಳಿ. ಪರದೆಯ ಮೇಲೆ ಚುಕ್ಕಿಗಳು ತಿರುಗುತ್ತಿದ್ದರೆ ಚಾರ್ಜರ್ ಹಚ್ಚಿ ಕಾಯಿರಿ, ನಡುವೆ ಆರಿಸಬೇಡಿ. ಗಂಟೆಗಳಾದರೂ ಅಲುಗಾಡದಿದ್ದರೆ ಪವರ್ ಗುಂಡಿ ಒತ್ತಿ ಹಿಡಿದು ಆರಿಸಿ. ಏಳುವಾಗಲೇ ಹೀಗೆ ಎರಡು ಮೂರು ಸಲ ಆರಿಸಿದರೆ ರಿಪೇರಿಯ ಪರದೆ ತಾನಾಗಿ ತೆರೆದುಕೊಳ್ಳುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಆಮೇಲೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಹೊಸದಾಗಿ ಬಂದದ್ದನ್ನು ತೆಗೆದುಹಾಕಿ, ಬಹಳಷ್ಟು ಸಲ ಇಷ್ಟೇ ಸಾಕಾಗುತ್ತದೆ.

ಡಿಸ್ಕಿನ ಬೀಗ ತೆಗೆಯುವ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಿದರೂ ಗಾಬರಿ ಬೇಡ. 2024ರ ಜುಲೈ ಅಪ್‌ಡೇಟಿನ ನಂತರ ಎಷ್ಟೋ ಕಡೆ ಹೀಗಾಗಿತ್ತು. ಮೊಬೈಲಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ನೋಡಿ, ಸಾಮಾನ್ಯವಾಗಿ ಕೀ ಅಲ್ಲಿರುತ್ತದೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಅದನ್ನು ವಹಿಯಲ್ಲಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಅಂಗಡಿಯಲ್ಲಿ ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂದರೆ, ‘ಮೊದಲು ಫೈಲು ತೆಗೆದುಕೊಡ್ರಿ’ ಎಂದು ಗಟ್ಟಿಯಾಗಿ ಹೇಳಿ. ಅಪ್‌ಡೇಟಿನಿಂದಲೂ ಫೈಲು ಹೋಗಬಹುದು: 2018ರ ಅಕ್ಟೋಬರಿನ ವಿಂಡೋಸ್ 10 ಅಪ್‌ಡೇಟ್ ಕೆಲವರ ಫೈಲುಗಳನ್ನೇ ಅಳಿಸಿದ್ದರಿಂದ ಮೈಕ್ರೋಸಾಫ್ಟ್ ಅದರ ಹಂಚಿಕೆಯನ್ನು ತಡೆಹಿಡಿಯಬೇಕಾಯಿತು. ಆದ್ದರಿಂದ ಮಗಳ ಪ್ರಾಜೆಕ್ಟ್, ಹೊಲದ ಸಾತ್‌ಬಾರಾ ಉತಾರ, ಮದುವೆಯ ಫೋಟೊಗಳು ಪೆನ್‌ಡ್ರೈವಿನಲ್ಲೂ ಇರಲಿ. ಪರೀಕ್ಷೆಯ ಅರ್ಜಿ ತುಂಬುವ ದಿನಗಳಲ್ಲಿ ಸೆಟ್ಟಿಂಗ್ಸಿಗೆ ಹೋಗಿ ಅಪ್‌ಡೇಟನ್ನು ಒಂದು ವಾರ ಮುಂದೂಡಿ.