ಫೋನ್ ಕೈಕೊಟ್ಟಾಗ ತಟ್ಟಬೇಕಾದ ಬಾಗಿಲುಗಳು

ತಿಂಗಳಿಗೆ ಸರಾಸರಿ 555 ರೂಪಾಯಿ ಬಿಲ್ ಕಟ್ಟುತ್ತಿದ್ದ ಅಹಮದಾಬಾದಿನ ಗ್ರಾಹಕರೊಬ್ಬರಿಗೆ 2013ರ ನವೆಂಬರ್ 8ರಿಂದ ಡಿಸೆಂಬರ್ 7ರವರೆಗಿನ ಒಂದೇ ತಿಂಗಳಿಗೆ ಬಂದ ಮೊಬೈಲ್ ಬಿಲ್ 24,609 ರೂಪಾಯಿ 51 ಪೈಸೆ. ಅವರು 2014ರ ಮೇ ತಿಂಗಳಲ್ಲಿ ಜಿಲ್ಲಾ ಗ್ರಾಹಕರ ವೇದಿಕೆಗೆ (ಈಗಿನ ಜಿಲ್ಲಾ ಗ್ರಾಹಕರ ಆಯೋಗ) ದೂರು ಕೊಟ್ಟರು. ಈ ದೂರನ್ನು ವಿಚಾರಿಸುವ ಅಧಿಕಾರವೇ ವೇದಿಕೆಗೆ ಇಲ್ಲ ಎಂದು ವೊಡಾಫೋನ್ ಕಂಪನಿ ತಕರಾರು ತೆಗೆಯಿತು. 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಮಿನ ಪ್ರಕಾರ ಇಂಥ ವ್ಯಾಜ್ಯ ಮಧ್ಯಸ್ಥಗಾರರ ಮುಂದೆ ಹೋಗಬೇಕು ಎಂಬುದು ಅದರ ವಾದ. 2009ರಲ್ಲಿ ಸುಪ್ರೀಂ ಕೋರ್ಟೇ ಕೊಟ್ಟಿದ್ದ ಒಂದು ತೀರ್ಪು ಆ ವಾದಕ್ಕೆ ಬೆನ್ನೆಲುಬಾಗಿತ್ತು.

2022ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಆ ವಾದವನ್ನು ತಳ್ಳಿಹಾಕಿತು. ದೂರಸಂಪರ್ಕವೂ ಗ್ರಾಹಕ ಕಾನೂನಿನ ಅಡಿಯಲ್ಲಿ ಬರುವ ಸೇವೆಯೇ, ಆದ್ದರಿಂದ ಮೊಬೈಲ್ ಕಂಪನಿಯ ವಿರುದ್ಧ ಗ್ರಾಹಕರ ಆಯೋಗಕ್ಕೆ ಹೋಗಲು ಅಡ್ಡಿಯಿಲ್ಲ ಎಂದು ಹೇಳಿತು. ಯಾವ ಬಾಗಿಲು ತಟ್ಟಬೇಕು ಎಂಬುದಷ್ಟೇ ತೀರ್ಮಾನವಾಗಲು ಸುಮಾರು ಎಂಟು ವರ್ಷ ಹಿಡಿಯಿತು. ಇಂದು ದೂರು ಕೊಡುವವರಿಗೆ ಆ ಅಲೆದಾಟವಿಲ್ಲ.

ಮನೆ ಇರುವ ಊರಿನಲ್ಲೇ ದೂರು

ವಿಶಾಖಪಟ್ಟಣ ನೌಕಾಪಡೆ, ಬಂದರು, ಉಕ್ಕಿನ ಕಾರ್ಖಾನೆಗಳ ಊರು. ನೌಕರಿಗಾಗಿ ಬೇರೆ ರಾಜ್ಯಗಳಿಂದ ಬಂದವರಿಗೆ ಅಲ್ಲಿ ಕೊರತೆಯಿಲ್ಲ. ಅಲ್ಲಿನ ಎಂವಿಪಿ ಕಾಲೋನಿಯಲ್ಲಿ ಬಾಡಿಗೆ ಮನೆ ಹಿಡಿದ ಕನ್ನಡ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಫೋನ್ ಹುಬ್ಬಳ್ಳಿಯಲ್ಲಿ ಕೊಂಡದ್ದು, ಸಿಮ್ ಕರ್ನಾಟಕದ್ದು, ಮೊಬೈಲ್ ಕಂಪನಿಯ ಕಚೇರಿ ಮುಂಬೈಯಲ್ಲಿ, ಆ್ಯಪ್ ನಡೆಸುವವರು ದೆಹಲಿಯ ಕಡೆಯವರು. ಇವರು ದೂರು ಕೊಡಬೇಕಾದ್ದು ಎಲ್ಲಿ?

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಲ್ಲಿ ಇದಕ್ಕೆ ಉತ್ತರವಿದೆ. ದೂರುದಾರರು ವಾಸವಿರುವ ಅಥವಾ ದುಡಿಯುತ್ತಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ದಾಖಲಿಸಬಹುದು. ಎಂವಿಪಿ ಕಾಲೋನಿಯವರು ವಿಶಾಖಪಟ್ಟಣದಲ್ಲಿ, ವಿಜಯವಾಡದವರು ವಿಜಯವಾಡದಲ್ಲಿ ಕೊಟ್ಟರೆ ಸಾಕು. ಹಳೆಯ ಕಾಯ್ದೆಯಲ್ಲಿ ಎದುರು ಪಕ್ಷದವರ ಕಚೇರಿ ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆ ಹೋಗಬೇಕಿತ್ತು. ವರ್ಗಾವಣೆಯ ನೌಕರಿಯಲ್ಲಿರುವವರಿಗೆ ಈ ಬದಲಾವಣೆಯಿಂದ ಆಗಿರುವ ಅನುಕೂಲ ಸಣ್ಣದಲ್ಲ.

ಮೊದಲು ತಪ್ಪು ಯಾರದೆಂದು ನೋಡಿ

ಮೊಬೈಲ್ ದೂರುಗಳು ಬಹಳ ಸಲ ಸೋಲುವುದು ತಪ್ಪು ಕಂಪನಿಯ ಮೇಲೆ ದೂರು ಹೊರಿಸಿದ್ದರಿಂದ. ಇಂಟರ್ನೆಟ್ ನಿಧಾನವಾದರೆ ಸಿಮ್ ಕಂಪನಿಯನ್ನು, ಆ್ಯಪ್ ತೆರೆಯದಿದ್ದರೆ ಫೋನ್ ಮಾರಿದ ಅಂಗಡಿಯನ್ನು ಬೈಯುವುದು ರೂಢಿ. ಆದರೆ ಫೋನ್ ತಯಾರಕರು, ಮೊಬೈಲ್ ಸೇವಾ ಕಂಪನಿ, ಆ್ಯಪ್ ಕಂಪನಿ, ಹಣದ ವಿಷಯವಿದ್ದರೆ ಬ್ಯಾಂಕ್, ಈ ನಾಲ್ವರಿಗೂ ಕಾನೂನಿನಲ್ಲಿ ಬೇರೆ ಬೇರೆ ಹೊಣೆಯಿದೆ.

ತಪ್ಪು ಯಾರದೆಂದು ಮನೆಯಲ್ಲೇ ಪತ್ತೆ ಮಾಡಬಹುದು. ಡೇಟಾ ಬಾರದಿದ್ದರೆ ಪ್ಯಾಕ್ ಮುಗಿದಿದೆಯೇ ನೋಡಿ, ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ, ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಮೇಲೂ ಸರಿಹೋಗದಿದ್ದರೆ ಅದೇ ಜಾಗದಲ್ಲಿ ನಿಂತು ಸಿಮ್ಮನ್ನು ಮನೆಯವರ ಇನ್ನೊಂದು ಫೋನಿಗೆ ಹಾಕಿ. ಅಲ್ಲಿ ಡೇಟಾ ಬಂದರೆ ದೋಷ ಫೋನಿನದು, ಅಲ್ಲೂ ಬಾರದಿದ್ದರೆ ನೆಟ್‌ವರ್ಕಿನದು ಅಥವಾ ಸಿಮ್ಮಿನದು. ಎಲ್ಲವೂ ತೆರೆದು ಒಂದೇ ಆ್ಯಪ್ ಮುಗ್ಗರಿಸಿದರೆ ದೋಷ ಆ ಆ್ಯಪಿನದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಮೈಸ್ಪೀಡ್ ಆ್ಯಪಿನಲ್ಲಿ ವೇಗ ಅಳೆದು, ಪ್ರತಿ ಹಂತದಲ್ಲೂ ದಿನಾಂಕ ಮತ್ತು ಗಂಟೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ರಿಪೇರಿಗೆಂದು ಮಾಡಿದ ಈ ಪರೀಕ್ಷೆಯೇ ಮುಂದೆ ಸಾಕ್ಷ್ಯವಾಗುತ್ತದೆ.

ಡೇಟಾ ಮತ್ತು ನೆಟ್‌ವರ್ಕ್

ಕಸ್ಟಮರ್ ಕೇರ್‌ಗೆ ಕರೆ ಮಾಡಿ ಮಾತಾಡಿದರೆ ದೂರು ಕೊಟ್ಟಂತಾಯಿತು ಎಂದು ಅನೇಕರು ನಂಬಿದ್ದಾರೆ. ದೂರು ಸಂಖ್ಯೆ ಕೈಗೆ ಬರುವವರೆಗೂ ಕಾನೂನಿನ ದೃಷ್ಟಿಯಲ್ಲಿ ಆ ಮಾತಿಗೆ ಪುರಾವೆಯಿಲ್ಲ. ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಸಂಖ್ಯೆ ಕೊಟ್ಟು ಅದನ್ನು ಎಸ್ಸೆಮ್ಮೆಸ್ ಮೂಲಕ ಕಳಿಸುವುದು ಕಂಪನಿಯ ಕರ್ತವ್ಯ. ಸಿಕ್ಕ ಪರಿಹಾರ ಸರಿಯೆನಿಸದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, 39 ದಿನಗಳಲ್ಲಿ ಮೇಲ್ಮನವಿ ಇತ್ಯರ್ಥವಾಗಬೇಕು. ನೇರವಾಗಿ ಟ್ರಾಯ್‌ಗೆ ಬರೆದು ಕಾಯುತ್ತ ಕೂರುವವರಿದ್ದಾರೆ. ಒಬ್ಬೊಬ್ಬರ ದೂರನ್ನು ವಿಚಾರಿಸಿ ತೀರ್ಪು ಕೊಡುವ ಅಧಿಕಾರ ಟ್ರಾಯ್‌ಗೆ ಇಲ್ಲ.

ಕೆಲವು ಸಂಖ್ಯೆಗಳು ನೆನಪಿನಲ್ಲಿರಬೇಕು. ಮೊಬೈಲ್ ಡೇಟಾವನ್ನು ನಿಲ್ಲಿಸಲು ಅಥವಾ ಶುರು ಮಾಡಿಸಲು 1925. ಕೇಳದೆಯೇ ಅಂಟಿಕೊಂಡ ಕಾಲರ್ ಟ್ಯೂನ್, ಗೇಮ್, ಜ್ಯೋತಿಷ್ಯದಂಥ ಸೇವೆಗಳನ್ನು ಕಿತ್ತುಹಾಕಲು 155223. ಇಂಥ ಸೇವೆ ಶುರುವಾಗಬೇಕಾದರೆ ಗ್ರಾಹಕರು ಎರಡು ಸಲ ಒಪ್ಪಿಗೆ ಕೊಟ್ಟಿರಬೇಕೆಂದು ಟ್ರಾಯ್ 2013ರಲ್ಲೇ ನಿರ್ದೇಶಿಸಿದೆ. ನೆಟ್‌ವರ್ಕೇ ಸರಿಯಿಲ್ಲದಿದ್ದರೆ 1900ಕ್ಕೆ ಸಂದೇಶ ಕಳಿಸಿ, ನಂಬರ್ ಬದಲಿಸದೆ ಬೇರೆ ಕಂಪನಿಗೆ ಹೋಗಬಹುದು. 2015ರ ಜುಲೈ 3ರಿಂದ ಈ ಸೌಲಭ್ಯ ದೇಶದಾದ್ಯಂತ ಇರುವುದರಿಂದ ಕರ್ನಾಟಕದ ನಂಬರನ್ನು ಆಂಧ್ರದಲ್ಲೂ ಉಳಿಸಿಕೊಳ್ಳಬಹುದು.

ಇಡೀ ಜಿಲ್ಲೆಯಲ್ಲೇ ನೆಟ್‌ವರ್ಕ್ ಹೋದರೆ? ಟ್ರಾಯ್‌ನ 2024ರ ಸೇವಾ ಗುಣಮಟ್ಟ ನಿಯಮಗಳು ಇದಕ್ಕೆ ಪರಿಹಾರ ಗೊತ್ತುಪಡಿಸಿವೆ. 24 ಗಂಟೆ ಮೀರಿ ಸೇವೆ ನಿಂತರೆ ಆ ಜಿಲ್ಲೆಯಲ್ಲಿ ನೋಂದಣಿಯಾದ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ರಿಯಾಯಿತಿ, ಪ್ರೀಪೇಯ್ಡ್ ಗ್ರಾಹಕರಿಗೆ ಪ್ಯಾಕಿನ ಅವಧಿ ವಿಸ್ತರಣೆ ಸಿಗಬೇಕು. 2025ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ನೈಸರ್ಗಿಕ ವಿಕೋಪಕ್ಕೆ ಮಾತ್ರ ಈ ಪರಿಹಾರ ಅನ್ವಯಿಸುವುದಿಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿ ವಿದ್ಯುತ್ತು, ಫೋನು ಎರಡೂ ಹೋದಂಥ ಸಂದರ್ಭ ಈಗ ಬಂದರೆ ಈ ರಿಯಾಯಿತಿ ಕೇಳಲಾಗದು.

ಸರ್ಕಾರವೇ ಇಂಟರ್ನೆಟ್ ನಿಲ್ಲಿಸುವುದು ಇನ್ನೊಂದು ಬಗೆ. 2022ರ ಮೇ ತಿಂಗಳಲ್ಲಿ ಅಮಲಾಪುರದಲ್ಲಿ ಗಲಭೆಯಾದಾಗ ಆಂಧ್ರದ ಕೋನಸೀಮ ಜಿಲ್ಲೆಯಲ್ಲಿ ಮೊಬೈಲ್ ಇಂಟರ್ನೆಟ್ ದಿನಗಟ್ಟಲೆ ಬಂದ್ ಆಗಿತ್ತು. ಅಂಥ ಆದೇಶಗಳನ್ನು ಪ್ರಕಟಿಸಲೇಬೇಕು, ನ್ಯಾಯಾಲಯದಲ್ಲಿ ಪ್ರಶ್ನಿಸಲು ಜನರಿಗೆ ಅವಕಾಶವಿರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿ 10ರ ಅನುರಾಧಾ ಭಾಸಿನ್ ತೀರ್ಪಿನಲ್ಲಿ ಹೇಳಿದೆ. ಇದರಲ್ಲಿ ಮೊಬೈಲ್ ಕಂಪನಿಯ ತಪ್ಪಿಲ್ಲ. ಪ್ರಶ್ನಿಸುವುದಾದರೆ ಹೈಕೋರ್ಟಿಗೆ ಹೋಗಬೇಕು.

ಸ್ಟೋರೇಜ್ ಎಂಬ ತಲೆನೋವು

128 ಜಿಬಿ ಎಂದು ಬರೆದ ಫೋನು ತೆರೆದರೆ ಕೆಲವೊಮ್ಮೆ 119 ಜಿಬಿ ಎಂದೇ ತೋರುತ್ತದೆ. ಇದರಲ್ಲಿ ಮೋಸವಿಲ್ಲ. ತಯಾರಕರು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸಿದರೆ, ಕೆಲವು ಸಾಫ್ಟ್‌ವೇರುಗಳು 1,024ರ ಗುಣಕಗಳಲ್ಲಿ ಎಣಿಸುತ್ತವೆ. ಇದರ ಮೇಲೆ ಆಪರೇಟಿಂಗ್ ಸಿಸ್ಟಂ ಮತ್ತು ಮೊದಲೇ ತುಂಬಿಸಿ ಕೊಟ್ಟ ಆ್ಯಪ್‌ಗಳು ಇನ್ನಷ್ಟು ಜಾಗ ನುಂಗುತ್ತವೆ.

ಈ ತುಂಬಿಸಿ ಕೊಟ್ಟ ಆ್ಯಪ್‌ಗಳನ್ನು ತೆಗೆದುಹಾಕುವ ಹಕ್ಕು ಗ್ರಾಹಕರಿಗೆ ಇದೆಯೇ? ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದಾಗ, ಮೊದಲೇ ಇರುವ ತನ್ನ ಆ್ಯಪ್‌ಗಳನ್ನು ತೆಗೆಯದಂತೆ ಬಳಕೆದಾರರನ್ನು ತಡೆಯಬಾರದು ಎಂದೂ ನಿರ್ದೇಶಿಸಿತ್ತು. ಗೂಗಲ್ ಮೇಲ್ಮನವಿ ಹೋಯಿತು. 2023ರ ಮಾರ್ಚ್ 29ರಂದು ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ಆದರೆ ಈ ನಿರ್ದೇಶನವನ್ನು ರದ್ದುಪಡಿಸಿತು. ಹಾಗಾಗಿ ಇಂಥ ಎಷ್ಟೋ ಆ್ಯಪ್‌ಗಳನ್ನು ಸೆಟ್ಟಿಂಗ್ಸ್‌ಗೆ ಹೋಗಿ ನಿಷ್ಕ್ರಿಯಗೊಳಿಸುವುದಷ್ಟೇ ಗ್ರಾಹಕರ ಕೈಯಲ್ಲಿದೆ.

ಜಾಗ ತುಂಬಿದಾಗ ಮೊದಲು ಗಮನಿಸಬೇಕಾದ್ದು ವಾಟ್ಸ್‌ಆ್ಯಪ್ ವಿಡಿಯೊಗಳು, ಡೌನ್‌ಲೋಡ್ ಫೋಲ್ಡರ್ ಮತ್ತು ಆ್ಯಪ್‌ಗಳ ಕ್ಯಾಶೆ. ಕ್ಯಾಶೆ ಅಳಿಸಿದರೆ ತೊಂದರೆಯಿಲ್ಲ. ಪಕ್ಕದಲ್ಲೇ ಇರುವ ‘ಕ್ಲಿಯರ್ ಡೇಟಾ’ ಒತ್ತಿದರೆ ಆ್ಯಪಿನಲ್ಲಿ ಉಳಿಸಿಕೊಂಡದ್ದೆಲ್ಲ ಅಳಿಸಿಹೋಗಬಹುದು. ಸರ್ವಿಸ್ ಸೆಂಟರಿಗೆ ಕೊಡುವ ಮುನ್ನ ಫೋಟೊ, ದಾಖಲೆಗಳ ಪ್ರತಿ ತೆಗೆದಿಟ್ಟುಕೊಳ್ಳಿ, ಫೋನಿನ ಐಎಂಇಐ ಸಂಖ್ಯೆ ಮತ್ತು ದೋಷದ ವಿವರ ಬರೆದ ಜಾಬ್ ಶೀಟ್ ಕೇಳಿ ಪಡೆಯಿರಿ. ವಾರಂಟಿ ವ್ಯಾಜ್ಯದಲ್ಲಿ ಆ ಒಂದು ಹಾಳೆಗೆ ಬಲು ಬೆಲೆಯಿದೆ.

‘ನಿಮ್ಮ ಫೋನ್ ತುಂಬಿದೆ, ವೈರಸ್ ಇದೆ, ಈಗಲೇ ಕ್ಲೀನ್ ಮಾಡಿ’ ಎಂದು ಹೆದರಿಸಿ ಆ್ಯಪ್ ಹಾಕಿಸುವುದು ಅಪರಾಧಿಗಳ ನೆಚ್ಚಿನ ಜಾಲ. ಸರ್ಕಾರ 2023ರ ನವೆಂಬರ್ 30ರಂದು ಪ್ರಕಟಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿದ 13 ‘ಡಾರ್ಕ್ ಪ್ಯಾಟರ್ನ್’ಗಳಲ್ಲಿ, ಅಂದರೆ ಗ್ರಾಹಕರನ್ನು ಮರುಳು ಮಾಡುವ ತಂತ್ರಗಳಲ್ಲಿ, ಇದೂ ಒಂದು. ಹಾಗೆ ಹಾಕಿಸಿದ ಆ್ಯಪಿನಿಂದ ಹಣ ಹೋಗಿದ್ದರೆ ಒಂದು ಗಳಿಗೆಯನ್ನೂ ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಗ್ರಾಹಕರದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ನಡೆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರ ಮೇಲೆ ಬೀಳದು ಎಂಬುದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ. ಒಟಿಪಿ, ಪಿನ್ ಹೇಳಿಬಿಟ್ಟವರಿಗೆ ಈ ರಕ್ಷಣೆ ಸಿಗುವುದು ಕಷ್ಟ.

ಆ್ಯಪ್ ಕೈಕೊಟ್ಟರೆ

ರೈತು ಬಜಾರಿನಲ್ಲಿ ತರಕಾರಿ ಕೊಂಡು ಯುಪಿಐ ಒತ್ತಿದ ಕ್ಷಣಕ್ಕೆ ಡೇಟಾ ಹೋಯಿತು ಎಂದುಕೊಳ್ಳಿ. ಖಾತೆಯಿಂದ ಹಣ ಕಡಿತವಾಗಿದೆ, ಅಂಗಡಿಯವರಿಗೆ ಖಾತರಿ ಬಂದಿಲ್ಲ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ ಇಂಥ ಹಣ ವಹಿವಾಟಿನ ದಿನದಿಂದ ಐದು ದಿನಗಳೊಳಗೆ ತಾನಾಗಿ ವಾಪಸಾಗಬೇಕು. ಒಬ್ಬರ ಖಾತೆಯಿಂದ ಇನ್ನೊಬ್ಬರಿಗೆ ಕಳಿಸಿದ ಹಣವಾದರೆ ಗಡುವು ಮರುದಿನವೇ. ಗಡುವು ಮೀರಿದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕರು ಕೇಳದೆಯೇ ಸಿಗಬೇಕು. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಮಾಹಿತಿಗೆ 14448.

ಅಪ್‌ಡೇಟ್ ಹಾಕಿದ ಮೇಲೆ ಫೋನ್ ನಿಧಾನವಾಯಿತೆಂಬ ದೂರೂ ವ್ಯರ್ಥವಲ್ಲ. ಐಒಎಸ್ 18 ಅಪ್‌ಡೇಟಿನ ನಂತರ ಐಫೋನ್‌ಗಳಲ್ಲಿ ತೊಂದರೆಯಾಗುತ್ತಿದೆ ಎಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರುಗಳು ಬಂದಿದ್ದವು. ಅವುಗಳ ಆಧಾರದ ಮೇಲೆ ಆ್ಯಪಲ್‌ಗೆ ನೋಟಿಸ್ ಕೊಡಲಾಗಿದೆ ಎಂದು 2025ರ ಜನವರಿಯಲ್ಲಿ ಪ್ರಕಟಿಸಿದವರು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ. ಬಿಡಿಬಿಡಿಯಾಗಿ ಬಂದ ದೂರುಗಳು ಒಟ್ಟುಗೂಡಿದಾಗ ದೊಡ್ಡ ಕಂಪನಿಯೂ ಉತ್ತರ ಕೊಡಬೇಕಾಗುತ್ತದೆ.

ಆ್ಯಪ್ ಕೇಳುವ ಅನುಮತಿಗಳ ಬಗ್ಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ಪಷ್ಟವಾಗಿದೆ. ಕಾಯ್ದೆಯಲ್ಲೇ ಕೊಟ್ಟಿರುವ ಉದಾಹರಣೆ ನೋಡಿ: ವೈದ್ಯಕೀಯ ಸಲಹೆಯ ಆ್ಯಪ್ ಒಂದು ಫೋನಿನ ಕಾಂಟ್ಯಾಕ್ಟ್ ಪಟ್ಟಿಗೂ ಒಪ್ಪಿಗೆ ಪಡೆದರೆ, ಚಿಕಿತ್ಸೆಗೆ ಬೇಡದ ಆ ಪಟ್ಟಿಗೆ ಒಪ್ಪಿಗೆ ಅನ್ವಯಿಸದು. ಒಪ್ಪಿಗೆಯ ಸೂಚನೆಯನ್ನು ಕನ್ನಡದಲ್ಲೇ ಓದುವ ಆಯ್ಕೆಯನ್ನೂ ಕಾಯ್ದೆ ಕೊಡುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಕಾಯ್ದೆ ಹಂತಹಂತವಾಗಿ ಜಾರಿಗೆ ಬರುತ್ತಿದೆ.

ಆಯೋಗಕ್ಕೆ ಹೋಗುವ ಬಗೆ

ಮೊದಲ ಹೆಜ್ಜೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಎಷ್ಟೋ ದೂರುಗಳು ಕೋರ್ಟು ಕಾಣದೆ ಈ ಹಂತದಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಕಂಪನಿಗೆ ಲಿಖಿತ ನೋಟಿಸ್ ಕಳಿಸಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ದಾಖಲಿಸಲು ಅವಕಾಶವಿದೆ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ವಸ್ತು ಅಥವಾ ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ದೂರಿನ ಜೊತೆ ಬಿಲ್ ಅಥವಾ ರೀಚಾರ್ಜ್ ರಸೀದಿ, ದೂರು ಸಂಖ್ಯೆ ಬಂದ ಎಸ್ಸೆಮ್ಮೆಸ್, ಸ್ಕ್ರೀನ್‌ಶಾಟ್‌ಗಳು, ಜಾಬ್ ಶೀಟ್, ನೋಟಿಸಿನ ಪ್ರತಿ, ವಿಳಾಸದ ದಾಖಲೆ ಮತ್ತು ಪ್ರಮಾಣಪತ್ರ ಇರಲಿ. ಎದುರು ಪಕ್ಷದವರು 30 ದಿನಗಳೊಳಗೆ, ಹೆಚ್ಚೆಂದರೆ ಇನ್ನೂ 15 ದಿನ ಸೇರಿಸಿ, ಉತ್ತರ ಕೊಡಬೇಕು. ವಸ್ತುವಿನ ಪರೀಕ್ಷೆ ಬೇಡದ ಪ್ರಕರಣಗಳನ್ನು ಮೂರು ತಿಂಗಳಲ್ಲಿ, ಬೇಕಾದವನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಇದಕ್ಕಿಂತ ತಡವಾಗುವುದುಂಟು. ಆದೇಶ ಒಪ್ಪಿಗೆಯಾಗದಿದ್ದರೆ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ. ಆಂಧ್ರಪ್ರದೇಶದ ರಾಜ್ಯ ಆಯೋಗ ವಿಜಯವಾಡದಲ್ಲಿದೆ.

ಹೆಚ್ಚಿನವರು ಮರೆತಿರುವ ಇನ್ನೊಂದು ಬಾಗಿಲು ಖಾಯಂ ಜನತಾ ನ್ಯಾಯಾಲಯ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ದೂರವಾಣಿಯನ್ನು ಸಾರ್ವಜನಿಕ ಉಪಯುಕ್ತ ಸೇವೆಗಳ ಪಟ್ಟಿಯಲ್ಲಿ ಸೇರಿಸಿದೆ. ಆದ್ದರಿಂದ ಬೇರೆ ಕೋರ್ಟಿಗೆ ಹೋಗುವ ಮುನ್ನ ಮೊಬೈಲ್ ಸೇವೆಯ ವ್ಯಾಜ್ಯವನ್ನು ಶುಲ್ಕವಿಲ್ಲದೆ ಇಲ್ಲಿಗೆ ಒಯ್ಯಬಹುದು. ರಾಜಿ ಕುದುರದಿದ್ದರೆ ಇಲ್ಲೇ ತೀರ್ಪು ಸಿಗುತ್ತದೆ. ವಿವರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ ಅಥವಾ 15100ಕ್ಕೆ ಕರೆ ಮಾಡಿ.

ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಇರುವ ಅವಧಿ ತೊಂದರೆ ಉಂಟಾದ ದಿನದಿಂದ ಎರಡು ವರ್ಷ. ಆದ್ದರಿಂದ ದೂರು ಸಂಖ್ಯೆಯಿರುವ ಎಸ್ಸೆಮ್ಮೆಸ್ ಅನ್ನು ಜಾಗ ಸಾಲದೆಂದು ಅಳಿಸಬೇಡಿ. ಅದರ ಸ್ಕ್ರೀನ್‌ಶಾಟನ್ನು ಇಮೇಲ್‌ಗೆ ಕಳಿಸಿಟ್ಟುಕೊಳ್ಳಿ, ಸಂಖ್ಯೆಯನ್ನು ದಿನಾಂಕದೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ, ಮನೆಯ ಹಿರಿಯರ ಫೋನುಗಳಿಗೂ ಹೀಗೆಯೇ ಮಾಡಿಕೊಡಿ.