ಹೂವಿನ ಬಯಲಲ್ಲಿ ಸೈಕಲ್ ಸವಾರಿ: ಮಂಡಿಗೆ ಹಿತ, ಉಣುಗಿನ ಬಗ್ಗೆ ಎಚ್ಚರ

ಸೆಪ್ಟೆಂಬರ್ ತಿಂಗಳ ಮಧ್ಯದಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. ವಯಸ್ಸು 58. ಎಡ ಮಂಡಿಯ ಹಿಂಭಾಗದಲ್ಲಿ ಅಂಗೈ ಅಗಲದ ಕೆಂಪು ಉಂಗುರ ಕಾಣಿಸಿಕೊಂಡಿತ್ತು. "ಹುಳುಕಡ್ಡಿ ಇರಬೇಕು ಡಾಕ್ಟ್ರೇ" ಎಂದರು. ಹೊರಗೆ ಜ್ವರದ ರೋಗಿಗಳ ಸಾಲು. ನಾನೂ ಹಾಗೆಯೇ ತಿಳಿದು ಮುಲಾಮು ಬರೆದುಕೊಟ್ಟೆ.

ಹತ್ತು ದಿನಗಳ ನಂತರ ಅವರು ಮತ್ತೆ ಬಂದಾಗ ಉಂಗುರ ಇನ್ನಷ್ಟು ಹರಡಿತ್ತು. ತುರಿಕೆ ಇಲ್ಲ, ಹೊಟ್ಟು ಏಳುತ್ತಿಲ್ಲ. ಜೊತೆಗೆ ಆಯಾಸ, ಮೈಕೈ ನೋವು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ: "ಇತ್ತೀಚೆಗೆ ಎಲ್ಲಿಗಾದರೂ ಹೋಗಿದ್ದಿರಾ?"

ಉತ್ತರ ಕೊಟ್ಟವರು ಅವರ ಯಜಮಾನರು. ಮಗಳು, ಅಳಿಯ ನೆದರ್ಲೆಂಡ್ಸ್‌ನಲ್ಲಿದ್ದಾರೆ. ಎರಡು ತಿಂಗಳು ಅಲ್ಲಿದ್ದು ಸೆಪ್ಟೆಂಬರ್ ಮೊದಲ ವಾರ ಹಿಂತಿರುಗಿದ್ದರು. ಫೋನಿನಲ್ಲಿ ಚಿತ್ರಗಳನ್ನು ತೋರಿಸಿದರು. ಕಣ್ಣು ಹಾಯುವಷ್ಟು ದೂರ ನೇರಳೆ ಹೂವಿನ ಬಯಲು, ನಡುವೆ ಕಿರಿದಾದ ಹಾದಿ, ಬಿಳಿ ಸೈಕಲ್ ಮೇಲೆ ನಗುತ್ತಿರುವ ಟೀಚರಮ್ಮ. ಮುಂದಿನ ಚಿತ್ರದಲ್ಲಿ ಮನೆಮಂದಿಯೆಲ್ಲ ಹೂವಿನ ಗಿಡಗಳ ನಡುವೆ ಕುಳಿತು ಚಿತ್ರಾನ್ನ ತಿನ್ನುತ್ತಿದ್ದರು. ಕಾಯಿಲೆಯ ಮೂಲ ಆ ಎರಡನೆಯ ಚಿತ್ರದಲ್ಲಿತ್ತು.

ಮಕ್ಕಳು ಯುರೋಪಿನಲ್ಲಿ ಕೆಲಸ ಮಾಡುವ ಮನೆಗಳು ಈಗ ನಮ್ಮ ಸಣ್ಣ ಊರುಗಳಲ್ಲೂ ಇವೆ. ಅಲ್ಲಿಗೆ ಹೋಗುವ ಹಿರಿಯರಿಗಾಗಿ ಈ ವಾರದ ಲೇಖನ.

ಎಂಥ ಜಾಗ ಇದು?

ಅವರು ಹೋಗಿದ್ದು ಹೋಗೆ ವೇಲುವೆ ರಾಷ್ಟ್ರೀಯ ಉದ್ಯಾನಕ್ಕೆ. ಆರ್ನೆಮ್, ಏಡೆ, ಆಪೆಲ್ಡೋರ್ನ್ ಎಂಬ ಮೂರು ಊರುಗಳ ನಡುವೆ ಸುಮಾರು 5,400 ಹೆಕ್ಟೇರ್ ಹರಡಿರುವ ಸಂರಕ್ಷಿತ ಪ್ರದೇಶ. ಕ್ರೋಲರ್-ಮ್ಯುಲರ್ ಎಂಬ ಶ್ರೀಮಂತ ದಂಪತಿ 1909ರಿಂದ ಕೊಂಡು ಸೇರಿಸಿದ ಭೂಮಿ 1935ರಲ್ಲಿ ಪ್ರತಿಷ್ಠಾನವೊಂದರ ವಶಕ್ಕೆ ಬಂತು. 1938ರಲ್ಲಿ ಅಲ್ಲಿಯೇ ಒಂದು ಕಲಾ ಸಂಗ್ರಹಾಲಯ ತೆರೆಯಿತು. ವ್ಯಾನ್ ಗೋ ಚಿತ್ರಗಳ ದೊಡ್ಡ ಸಂಗ್ರಹ ಅದರಲ್ಲಿದೆ.

ಮರಳು ನೆಲ, ಪೈನ್ ಕಾಡು, ಮೊಣಕಾಲೆತ್ತರದ ಹೀದರ್ ಗಿಡಗಳು ಹಬ್ಬಿದ ಕುರುಚಲು ಬಯಲು. ಆಗಸ್ಟ್ ಮಧ್ಯದಿಂದ ಕೆಲವು ವಾರ ಈ ಬಯಲು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಜಿಂಕೆ, ಕಾಡುಹಂದಿಗಳಿವೆ.

ಒಳಗೆ 40 ಕಿಲೋಮೀಟರಿಗೂ ಹೆಚ್ಚು ಸೈಕಲ್ ಹಾದಿಯಿದೆ. ಕಾರುಗಳಿಗೆ ಕೆಲವು ರಸ್ತೆಗಳಿದ್ದರೂ ಸೈಕಲ್ ಹಾದಿ ಪ್ರತ್ಯೇಕ. ಹಾರನ್ ಇಲ್ಲ, ಹೊಗೆ ಇಲ್ಲ, ಹಿಂದಿನಿಂದ ಲಾರಿ ಬಂದೀತೆಂಬ ಭಯವಿಲ್ಲ. ಪ್ರವೇಶದ ಟಿಕೆಟ್ ಕೊಂಡವರಿಗೆ ಬಿಳಿ ಸೈಕಲ್ ಉಚಿತ. 1970ರ ದಶಕದಲ್ಲಿ ಆರಂಭವಾದ ಈ ಏರ್ಪಾಟಿನಲ್ಲಿ ಈಗ ಸುಮಾರು 1,800 ಸೈಕಲ್‌ಗಳಿವೆ. ಓಟರ್ಲೋ ಬಾಗಿಲಿನಿಂದ ಸಂಗ್ರಹಾಲಯಕ್ಕೆ ಸುಮಾರು ಎರಡೂವರೆ ಕಿಲೋಮೀಟರ್, ಹೂಂಡರ್ಲೋ ಬಾಗಿಲಿನಿಂದ ಸುಮಾರು 4, ಸ್ಖಾರ್ಸ್‌ಬೆರ್ಗೆನ್ ಬಾಗಿಲಿನಿಂದ ಸುಮಾರು 10. ಬಹಳ ವರ್ಷದ ನಂತರ ಸೈಕಲ್ ಹತ್ತುವವರು ಮೊದಲ ಎರಡು ಬಾಗಿಲುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಲೇಸು.

ದೇಹಕ್ಕೆ ಏನು ಲಾಭ?

ನಡೆಯುವಾಗ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಸೈಕಲ್ ಮೇಲೆ ಬಹುಪಾಲು ಭಾರವನ್ನು ಸೀಟು ಹೊರುತ್ತದೆ. ಸವೆದ ಮಂಡಿಯವರಿಗೂ ತೊಡೆಯ ಸ್ನಾಯು ಬಲಗೊಳ್ಳುವುದು ಇದರಿಂದಲೇ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಮತಟ್ಟಾದ ಹಾದಿಯಲ್ಲಿ ನಿಧಾನವಾಗಿ ಒಂದು ಗಂಟೆ ತುಳಿದರೆ ಅದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮುಗಿಯಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೂ ಇದು ಹಿತ.

ಎಷ್ಟು ಜೋರಾಗಿ ತುಳಿಯಬೇಕು? ಮಾತಾಡಲು ಬರಬೇಕು, ಹಾಡಲು ಬರಬಾರದು. ಇದೇ ಸುಲಭದ ಅಳತೆ.

ಹತ್ತುವ ಮೊದಲು

1. ಎದೆನೋವು, ಮೇಲುಸಿರು, ಇತ್ತೀಚಿನ ಹೃದಯದ ಚಿಕಿತ್ಸೆ ಇದ್ದವರು ಇಲ್ಲಿಂದ ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ.

2. ಸೀಟಿನ ಎತ್ತರ ಮುಖ್ಯ. ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ಸೀಟು ತೀರಾ ತಗ್ಗಿದ್ದರೆ ಮಂಡಿಚಿಪ್ಪು ನೋಯುತ್ತದೆ. ಅಭ್ಯಾಸ ತಪ್ಪಿದವರು ಮೊದಲ ಹತ್ತು ನಿಮಿಷ ಕಾಲು ನೆಲಕ್ಕೆ ತಾಗುವಂತೆ ಇಟ್ಟುಕೊಂಡು, ಧೈರ್ಯ ಬಂದ ಮೇಲೆ ಏರಿಸಿಕೊಳ್ಳಲಿ.

3. ಬಿಳಿ ಸೈಕಲ್‌ಗೆ ಬ್ರೇಕ್ ಕೈಯಲ್ಲಿಲ್ಲ, ಕಾಲಲ್ಲಿದೆ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಚಕ್ರ ನಿಲ್ಲುತ್ತದೆ. ಸುಮ್ಮನೆ ಪೆಡಲ್ ಹಿಂದಕ್ಕೆ ತಿರುಗಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಅಲ್ಲಿ ಹಾಗೆ ಮಾಡಿದರೆ ಮುಗ್ಗರಿಸುತ್ತೀರಿ. ಬಾಗಿಲ ಬಳಿಯೇ ನಾಲ್ಕು ಸುತ್ತು ಅಭ್ಯಾಸ ಮಾಡಿ.

4. ಅಲ್ಲಿ ರಸ್ತೆಯ ಬಲಗಡೆ ಹೋಗಬೇಕು. ತಿರುವಿನಲ್ಲಿ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ, ಜೋಕೆ.

5. ಅಲ್ಲಿಯವರಲ್ಲಿ ಹೆಚ್ಚಿನವರು ಹೆಲ್ಮೆಟ್ ಹಾಕುವುದಿಲ್ಲ. ಅವರು ಚಿಕ್ಕಂದಿನಿಂದ ಸೈಕಲ್ ಮೇಲೆಯೇ ಬೆಳೆದವರು. ಮೂವತ್ತು ವರ್ಷದ ನಂತರ ಹತ್ತುವ ನೀವು ಹಾಕಿಕೊಳ್ಳಿ. ಸೆರಗು, ದುಪಟ್ಟಾ ಚಕ್ರಕ್ಕೆ ಸಿಗದಂತೆ ಬಿಗಿಯಿರಿ.

6. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟು ಹೊರಡಬೇಡಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಬೆವರು, ನಡುಕ, ಕಣ್ಣು ಮಂಜಾದರೆ ಇಳಿದು ಅದನ್ನು ತಿನ್ನಿ.

7. ಬಯಲಿನಲ್ಲಿ ಗಾಳಿ ಜೋರು. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ. ದಣಿದು ಬರುವಾಗ ಅದೇ ಗಾಳಿ ನಿಮ್ಮನ್ನು ತಳ್ಳುತ್ತದೆ.

ಉಣುಗು ಎಂಬ ಸಣ್ಣ ಶತ್ರು

ಈಗ ಆ ಕೆಂಪು ಉಂಗುರದ ವಿಷಯ. ಹೀದರ್ ಗಿಡ, ಎತ್ತರದ ಹುಲ್ಲು, ತರಗೆಲೆಗಳಲ್ಲಿ ಉಣುಗುಗಳಿರುತ್ತವೆ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಚಿಕ್ಕದು. ಅದು ಹಾರುವುದಿಲ್ಲ, ನೆಗೆಯುವುದಿಲ್ಲ. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕಾದಿದ್ದು, ತಾಗಿದವರ ಮೈಗೆ ಹತ್ತಿಕೊಳ್ಳುತ್ತದೆ. ಕಚ್ಚಿದ್ದು ಗೊತ್ತಾಗುವುದೂ ಇಲ್ಲ. ಇವುಗಳಲ್ಲಿ ಕೆಲವು ಲೈಮ್ ಕಾಯಿಲೆಯ ಬ್ಯಾಕ್ಟೀರಿಯಾ ಹೊತ್ತಿರುತ್ತವೆ. ಅಮೆರಿಕದ ಲೈಮ್ ಎಂಬ ಊರಿನ ಹೆಸರೇ ಕಾಯಿಲೆಗೆ ಬಂದಿದೆ. 1982ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ರೋಗಾಣುವನ್ನು ಪತ್ತೆ ಮಾಡಿದರು.

ಮಲೆನಾಡಿನವರಿಗೆ ಉಣುಗು ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದೂ ಉಣುಗೇ. ಆದರೆ ಜಾತಿ ಬೇರೆ, ರೋಗವೂ ಬೇರೆ. ಮಂಗನ ಕಾಯಿಲೆಗೆ ಕಾರಣ ವೈರಸ್. ಲೈಮ್‌ಗೆ ಕಾರಣ ಬ್ಯಾಕ್ಟೀರಿಯಾ ಆದ್ದರಿಂದ ಬೇಗ ಗುರುತಿಸಿದರೆ ಆಂಟಿಬಯಾಟಿಕ್‌ನಿಂದ ಗುಣವಾಗುತ್ತದೆ. ತಡವಾದರೆ ಮಂಡಿ ಊದಿಕೊಳ್ಳಬಹುದು, ಮುಖದ ಒಂದು ಭಾಗ ಸೊಟ್ಟಗಾಗಬಹುದು, ಹೃದಯದ ಬಡಿತ ಏರುಪೇರಾಗಬಹುದು.

ಹಾಗಾದರೆ ಏನು ಮಾಡಬೇಕು? ಹಾದಿಯ ಮೇಲಿರುವ ತನಕ ಅಪಾಯ ಬಹಳ ಕಡಿಮೆ. ಇಳಿದು ಗಿಡಗಳೊಳಗೆ ಹೋದಾಗ, ಅಂದರೆ ಫೋಟೋಗೆ ನಿಂತಾಗ, ಬುತ್ತಿ ಬಿಚ್ಚಿ ಕುಳಿತಾಗ ಉಣುಗು ಹತ್ತುತ್ತದೆ. ಆದ್ದರಿಂದ ಊಟ ಬೆಂಚಿನ ಮೇಲೆ ಮಾಡಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಸಂಜೆ ಮನೆಗೆ ಬಂದೊಡನೆ ಬಟ್ಟೆ ಬಿಚ್ಚಿ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಹೊಕ್ಕಳು, ಕಿವಿಯ ಹಿಂದೆ ನೋಡಿಕೊಳ್ಳಿ. ಮಕ್ಕಳಿದ್ದರೆ ತಲೆಗೂದಲ ಅಂಚನ್ನೂ ನೋಡಿ.

ಉಣುಗು ಕಂಡರೆ ಎಣ್ಣೆ, ಸುಣ್ಣ, ಸೀಮೆಎಣ್ಣೆ ಹಚ್ಚಬೇಡಿ, ಊದುಬತ್ತಿಯಿಂದ ಸುಡಬೇಡಿ. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ಹೊಟ್ಟೆ ಹಿಸುಕದಂತೆ, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಜಾಗವನ್ನು ಸೋಪಿನಿಂದ ತೊಳೆದು, ಕ್ಯಾಲೆಂಡರಿನಲ್ಲಿ ದಿನಾಂಕ ಗುರುತಿಸಿ. ಬೇಗ ತೆಗೆದಷ್ಟೂ ರೋಗ ಅಂಟುವ ಸಂಭವ ಕಡಿಮೆ. ಕಚ್ಚಿದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಹೆದರಿ ತಾವಾಗಿಯೇ ಮಾತ್ರೆ ನುಂಗುವುದು ಬೇಡ.

ಉಂಗುರ ಸಾಮಾನ್ಯವಾಗಿ 3ರಿಂದ 30 ದಿನಗಳೊಳಗೆ ಕಾಣಿಸುತ್ತದೆ, ದಿನೇ ದಿನೇ ಅಗಲವಾಗುತ್ತದೆ. ಕೆಲವರಲ್ಲಿ ತಡವಾಗಬಹುದು, ಮೂರು ತಿಂಗಳು ಕಣ್ಣಿಟ್ಟಿರಿ. ಅಷ್ಟರಲ್ಲಿ ನೀವು ಊರಿಗೆ ಬಂದಿರುತ್ತೀರಿ. ಅಪಾಯವಿರುವುದು ಇಲ್ಲಿಯೇ. ನಮ್ಮಲ್ಲಿ ಈ ಕಾಯಿಲೆ ಅಪರೂಪ. ನೀವು ಹೇಳದಿದ್ದರೆ ವೈದ್ಯರಿಗೆ ಹೊಳೆಯುವುದಿಲ್ಲ. ಆರಂಭದಲ್ಲಿ ರಕ್ತಪರೀಕ್ಷೆಯಲ್ಲೂ ಸಿಗದೆ ಹೋಗಬಹುದು. ಉಂಗುರವನ್ನು ತೋರಿಸಿ, "ಯುರೋಪಿನಲ್ಲಿ ಕಾಡು, ಬಯಲು ಸುತ್ತಿದ್ದೆ" ಎಂಬ ಒಂದು ಮಾತು ಹೇಳಿ.

ನಮ್ಮ ಟೀಚರಮ್ಮನನ್ನು ಚರ್ಮರೋಗ ತಜ್ಞರಿಗೆ ತೋರಿಸಿ ಎರಡು ವಾರ ಔಷಧಿ ಕೊಟ್ಟೆವು. ಉಂಗುರ ಮಾಯವಾಯಿತು, ಮೈಕೈ ನೋವೂ ಹೋಯಿತು. ಕೊನೆಯ ದಿನ ಕೇಳಿದರು, "ಇನ್ನು ಸೈಕಲ್ ಹತ್ತಬಾರದೇ ಡಾಕ್ಟ್ರೇ? ಆ ಎರಡು ತಿಂಗಳು ಮೆಟ್ಟಿಲು ಹತ್ತುವಾಗ ಮಂಡಿ ನೋವೇ ಇರಲಿಲ್ಲ."

"ಖಂಡಿತ ಹತ್ತಿ ಅಮ್ಮಾ. ಚಿತ್ರಾನ್ನ ಮಾತ್ರ ಬೆಂಚಿನ ಮೇಲೆ ತಿನ್ನಿ" ಎಂದೆ.