ಕಡ್ಡಿ ಹಿಡಿಯುವ ಮೊದಲು ಅಳತೆ ಹಿಡಿ

ಪುಟ್ಟಿ, ನಾದಿನಿಯ ಮಗುವಿಗೆ ಕೈಯಾರೆ ಏನಾದರೂ ಹೆಣೆದುಕೊಡಬೇಕು, ಯಾವ ಬಣ್ಣದ ಉಲ್ಲನ್ ತರಲಿ ದೊಡ್ಡಮ್ಮ ಅಂತ ಕೇಳಿದ್ದೀಯ. ಬಣ್ಣದ ಮಾತು ಕೊನೆಗಿರಲಿ. ಹೆರಿಗೆ ಯಾವಾಗ, ಚಳಿ ಬರುವ ಹೊತ್ತಿಗೆ ಮಗುವಿಗೆ ಎಷ್ಟು ತಿಂಗಳಾಗಿರುತ್ತೆ, ಅವರಿರುವುದು ಯಾವ ಊರಲ್ಲಿ, ಬಟ್ಟೆ ಒಗೆಯುವವರು ಯಾರು? ಇಷ್ಟು ಗೊತ್ತಾದರೆ ದಾರ ಯಾವುದು, ಕಡ್ಡಿ ಯಾವುದು ಅಂತ ಬೇರೆ ಯಾರನ್ನೂ ಕೇಳಬೇಕಿಲ್ಲ. ಪ್ರೀತಿಯಿಂದ ಹೆಣೆದುಕೊಟ್ಟ ಎಷ್ಟೋ ಟೊಪ್ಪಿ, ಕಾಲುಚೀಲಗಳು ಒಂದು ಸಲವೂ ಮೈಗೆ ಹತ್ತದೆ ಕಪಾಟು ಸೇರುತ್ತವೆ. ಅಂದಕ್ಕೇನೂ ಕೊರತೆ ಇರುವುದಿಲ್ಲ. ಒಂದೋ ಚಿಕ್ಕದಾಗಿರುತ್ತೆ, ಇಲ್ಲವೇ ಚುಚ್ಚುತ್ತೆ, ಅದೂ ಅಲ್ಲದಿದ್ದರೆ ಒಗೆದು ಒಣಗಿಸುವುದು ತಾಪತ್ರಯವಾಗುತ್ತೆ. ಬಾಣಂತಿ ಮನೆಯಲ್ಲಿ ತಾಪತ್ರಯದ ಬಟ್ಟೆಗೆ ಜಾಗವಿಲ್ಲ.

ಕೈ ನಿನಗೆ ಆಗಲೇ ಪಳಗಿದೆ. ಸೀರೆಗೆ ಕ್ರೋಶೆ ಕುಚ್ಚು ಹಾಕುವವಳು ನೀನು. ಚೈನ್ ಎಳೆಯುವುದು, ಕಂಬ ಹಾಕುವುದು ಬಲ್ಲೆ. ರೇಷ್ಮೆ ದಾರ ಬಿಟ್ಟು ದಪ್ಪ ದಾರ ಹಿಡಿ, ಸಣ್ಣ ಕೊಕ್ಕೆ ಬಿಟ್ಟು ನಾಲ್ಕು ಮಿಲಿಮೀಟರ್ ಕೊಕ್ಕೆ ಹಿಡಿ, ಅಷ್ಟೇ ವ್ಯತ್ಯಾಸ. ಅದಕ್ಕೇ ಮೊದಲ ವಸ್ತುವನ್ನು ಕ್ರೋಶೆಯಲ್ಲೇ ಮಾಡು ಅಂತೀನಿ. ಎರಡು ಕಡ್ಡಿಯ ಹೆಣಿಗೆಯಲ್ಲಿ ಒಂದು ಕುಣಿಕೆ ಜಾರಿದರೆ ಸಾಲು ಸಾಲಾಗಿ ಕೆಳಗಿನ ತನಕ ಬಿಚ್ಚಿಕೊಂಡು ಹೋಗುತ್ತೆ. ಕ್ರೋಶೆಯಲ್ಲಿ ಕೈಯಲ್ಲಿರುವುದು ಒಂದೇ ಕುಣಿಕೆ, ತಪ್ಪಿದಲ್ಲಿಗೆ ಬಿಚ್ಚಿ ಮತ್ತೆ ಹಿಡಿಯಬಹುದು. ಒಲೆ ಮೇಲೆ ಹಾಲಿಟ್ಟು ಕೂತವಳಿಗೆ ಈ ಅನುಕೂಲ ದೊಡ್ಡದು.

ಈಗ ಅಳತೆ. ಆಷಾಢದಲ್ಲಿ ಹೆರಿಗೆ ಅಂದೆ. ಅಂದರೆ ಜುಲೈ. ಡಿಸೆಂಬರ್ ಚಳಿಗೆ ಮಗುವಿಗೆ ಐದು ತಿಂಗಳು, ಸಂಕ್ರಾಂತಿಗೆ ಆರು. ಹುಟ್ಟಿದ ಮಗುವಿನ ತಲೆಸುತ್ತು ಸುಮಾರು 34-35 ಸೆಂಟಿಮೀಟರ್ ಇರುತ್ತೆ. ಮೂರು ತಿಂಗಳಿಗೆ 40ರ ಹತ್ತಿರ, ಆರು ತಿಂಗಳಿಗೆ 42-43, ವರ್ಷ ತುಂಬುವಾಗ 45-46. ಮೊದಲ ಆರು ತಿಂಗಳಲ್ಲಿ ತಲೆ ಎಷ್ಟು ಬೇಗ ಬೆಳೆಯುತ್ತೆ ನೋಡು. ಎಳೆಗೂಸಿನ ಅಳತೆಗೆ ಹೆಣೆದ ಕುಲಾವಿ ಮಳೆಗಾಲ ಮುಗಿಯುವಷ್ಟರಲ್ಲೇ ಬಿಗಿ. ನೀನು ಆರು ತಿಂಗಳ ತಲೆಗೇ ಹೆಣೆ. ಟೊಪ್ಪಿ ತಲೆಗಿಂತ ಎರಡು ಮೂರು ಸೆಂಟಿಮೀಟರ್ ಕಡಿಮೆ ಇರಬೇಕು. ಹೆಣಿಗೆ ಹಿಗ್ಗುತ್ತೆ, ಅದರಿಂದಲೇ ಟೊಪ್ಪಿ ತಲೆಯ ಮೇಲೆ ನಿಲ್ಲುತ್ತೆ. ಹಾಗಾಗಿ ನಿನ್ನ ಲೆಕ್ಕ 40.

ಕ್ರೋಶೆ ಟೊಪ್ಪಿಯನ್ನು ನೆತ್ತಿಯಿಂದ ಶುರುಮಾಡುತ್ತೇವೆ. ನಾಲ್ಕು ಚೈನ್ ಸೇರಿಸಿ ಉಂಗುರ ಮಾಡು, ಅದರೊಳಗೆ ಡಬಲ್ ಕ್ರೋಶೆಯ 12 ಕಂಬ. ಎರಡನೇ ಸುತ್ತಲ್ಲಿ ಒಂದೊಂದರ ಮೇಲೂ ಎರಡೆರಡು, 24 ಆಯಿತು. ಮೂರನೆಯದಕ್ಕೆ ಒಂದು ಬಿಟ್ಟು ಒಂದರಲ್ಲಿ ಎರಡು, 36. ಹೀಗೆ ಸುತ್ತಿಗೆ ಹನ್ನೆರಡು ಏರುತ್ತಾ ಹೋದರೆ ಚಪ್ಪಟೆ ತಟ್ಟೆ ಬರುತ್ತೆ. ಅಂಚು ನೆರಿಗೆ ಬಿದ್ದರೆ ಕಂಬ ಹೆಚ್ಚಾಗಿದೆ, ನಡುವೆ ಬಟ್ಟಲಿನಂತೆ ಗುಳಿಯಾದರೆ ಕಡಿಮೆಯಾಗಿದೆ. ಎಲ್ಲಿಯವರೆಗೆ ಏರಿಸಬೇಕು ಅನ್ನುವುದೇ ಹೊಸಬರು ತಡವರಿಸುವ ಜಾಗ. ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕವನ್ನೇ ಹಾಕು: ಬೇಕಾದ ಸುತ್ತಳತೆಯನ್ನು 3.14ರಿಂದ ಭಾಗಿಸು. 40ಕ್ಕೆ ಹನ್ನೆರಡು ಮುಕ್ಕಾಲು ಸೆಂಟಿಮೀಟರ್ ಹತ್ತಿರ ಬರುತ್ತೆ. ತಟ್ಟೆಯ ಅಡ್ಡಗಲ ಅಷ್ಟಾದ ಕೂಡಲೇ ಏರಿಸುವುದನ್ನು ನಿಲ್ಲಿಸು. ಮುಂದಿನ ಸುತ್ತುಗಳಲ್ಲಿ ಕಂಬಕ್ಕೊಂದು ಕಂಬ ಹಾಕಿಕೊಂಡು ಕಿವಿ ಮುಚ್ಚುವಷ್ಟು ಇಳಿಸು. ಗಂಡನಿಗೆ, ಅತ್ತೆಗೆ, ಯಾರಿಗೆ ಹೆಣೆದರೂ ಇದೇ ಲೆಕ್ಕ ನಡೆಯುತ್ತೆ. ಇದೊಂದು ಕೈಗೆ ಬಂದರೆ ಮಾದರಿ ಪುಸ್ತಕದ ಹಂಗೇ ಬೇಡ. ವಿಡಿಯೊ ನೋಡಿ ಮಾಡುವುದಾದರೆ ಒಂದು ಎಚ್ಚರ ಇರಲಿ: ಅಮೆರಿಕದವರು ಡಬಲ್ ಕ್ರೋಶೆ ಅನ್ನುವುದನ್ನೇ ಇಂಗ್ಲೆಂಡಿನ ಪುಸ್ತಕಗಳು ಟ್ರೆಬಲ್ ಅನ್ನುತ್ತವೆ. ಹೇಳುವವರು ಯಾವ ಕಡೆಯವರು ಅಂತ ಮೊದಲೇ ನೋಡಿಕೊ.

ಎರಡು ಕಡ್ಡಿಯ ಹೆಣಿಗೆಗೂ ಇಳಿಯುತ್ತೀಯ, ನನಗೆ ಗೊತ್ತು. ಕಡ್ಡಿ ಕೊಳ್ಳುವಾಗ ನಂಬರ್ ನೋಡಿ ಗಾಬರಿಯಾಗಬೇಡ. ನಮ್ಮ ಅಂಗಡಿಗಳಲ್ಲಿ ಹಳೆಯ ಇಂಗ್ಲಿಷ್ ಲೆಕ್ಕವೇ ಇನ್ನೂ ನಡೆಯುತ್ತಿದೆ, ನಂಬರ್ ಏರಿದಂತೆ ಕಡ್ಡಿ ಸಣ್ಣ. 8ನೇ ನಂಬರ್ ಅಂದರೆ 4 ಮಿಲಿಮೀಟರ್, 10 ಅಂದರೆ 3.25, 12 ಅಂದರೆ 2.75. ಡಬಲ್ ನಿಟ್ ದಾರಕ್ಕೆ 8ನೇ ನಂಬರ್ ಹೊಂದುತ್ತೆ. ಅದರಲ್ಲಿ ಸಾಮಾನ್ಯವಾಗಿ ಹತ್ತು ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ ಕೂರಬೇಕು.

ಕೂರಬೇಕು ಅಂದೆ, ಕೂರುತ್ತೆ ಅನ್ನಲಿಲ್ಲ. ಒಬ್ಬೊಬ್ಬರ ಕೈ ಒಂದೊಂದು ಬಿಗಿ. ಅದಕ್ಕೇ ಮೊದಲು ಅಂಗೈಗಿಂತ ಸ್ವಲ್ಪ ದೊಡ್ಡ ಚೂರೊಂದನ್ನು ಹೆಣೆದು, ಒಗೆದು, ಒಣಗಿಸಿ, ಸ್ಕೇಲ್ ಇಟ್ಟು ಎಣಿಸು. ಬೇಸರದ ಕೆಲಸ, ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಆದರೆ ಲೆಕ್ಕ ನೋಡು: 40 ಸೆಂಟಿಮೀಟರ್ ಟೊಪ್ಪಿಗೆ 88 ಕುಣಿಕೆ. ನಿನ್ನ ಕೈ ಸಡಿಲವಾಗಿ ಹತ್ತಕ್ಕೆ 22ರ ಬದಲು 20 ಕೂತರೆ ಅದೇ 88 ಕುಣಿಕೆಯ ಟೊಪ್ಪಿ 44 ಆಗುತ್ತೆ. ಮಗುವಿನ ತಲೆ 43. ಟೊಪ್ಪಿ ಕಣ್ಣ ಮೇಲೆ ಜಾರುತ್ತೆ, ಅಮ್ಮ ಎರಡು ಸಲ ಸರಿಮಾಡಿ ಮೂರನೇ ಸಲ ತೆಗೆದಿಡುತ್ತಾಳೆ. ಎರಡೇ ಎರಡು ಕುಣಿಕೆಯ ಹೆಚ್ಚುಕಡಿಮೆ ಅಷ್ಟು ದಿನದ ಕೆಲಸವನ್ನು ತಿಂದುಹಾಕುತ್ತೆ.

ಇದರ ಮೇಲೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಚಳಿಗಾಲ ಬಂತೆಂದರೆ ಬೈಲುಕುಪ್ಪೆ, ಮುಂಡಗೋಡದ ಟಿಬೆಟನ್ನರು ಊರೂರಲ್ಲಿ ಸ್ವೆಟರ್ ಅಂಗಡಿ ಹಾಕುತ್ತಾರೆ. ಮಾಲು ಬಹುಪಾಲು ಲೂಧಿಯಾನದ ಕಾರ್ಖಾನೆಗಳದ್ದು. ಬೆಚ್ಚಗೂ ಇರುತ್ತೆ, ಬೆಲೆಯೂ ಹಗುರ. ನೀನು ಕೊಳ್ಳುವ ದಾರದ ದುಡ್ಡಿಗೇ ಅಲ್ಲಿ ಸಿದ್ಧ ಟೊಪ್ಪಿ ಸಿಕ್ಕಿಬಿಡಬಹುದು. ಹೆಣಿಗೆಗೆ ಯಂತ್ರ ಬಂದು ನಾನೂರು ವರ್ಷ ದಾಟಿತು, 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಚೌಕಟ್ಟು ಮಾಡಿದ. ಅದರ ಮುಂದೆ ವೇಗದಲ್ಲಾಗಲಿ ಬೆಲೆಯಲ್ಲಾಗಲಿ ನಾವು ಗೆಲ್ಲುವುದಿಲ್ಲ, ಗೆಲ್ಲಬೇಕಾಗಿಯೂ ಇಲ್ಲ. ಕಾರ್ಖಾನೆಗೆ ಗೊತ್ತಿರುವುದು ಸೊನ್ನೆಯಿಂದ ಆರು ತಿಂಗಳು ಅನ್ನುವ ಒಂದು ಚೀಟಿ ಮಾತ್ರ. ಈ ಮಗು, ಈ ಊರಿನ ಚಳಿ, ಈ ಮನೆಯ ಒಗೆತ ನಿನಗೆ ಗೊತ್ತು. ಕೈಕೆಲಸದ ಬೆಲೆ ಇರುವುದು ಅಲ್ಲಿ. ಕ್ರೋಶೆಯ ಮಾತೇ ಬೇರೆ. ಅದನ್ನು ಕೈಯಲ್ಲಿ ಮಾಡಿದ ಹಾಗೇ ಮಾಡುವ ಯಂತ್ರ ಇವತ್ತಿಗೂ ಕಾರ್ಖಾನೆಗಳಲ್ಲಿ ಇಲ್ಲ. ಬೀದಿಯಲ್ಲಿ ತೀರಾ ಅಗ್ಗಕ್ಕೆ ಕ್ರೋಶೆ ಚೀಲ ಕಂಡರೆ ಯಾರದೋ ಕೈಗೆ ಸರಿಯಾಗಿ ಕೂಲಿ ಸಿಕ್ಕಿಲ್ಲ ಅಂತಲೇ ತಿಳಿ. ನಾಳೆ ನೀನು ಹೊರಗಿನವರಿಗೆ ಮಾಡಿಕೊಡುವಾಗಲೂ ದಾರದ ಬೆಲೆಯಷ್ಟೇ ಹೇಳಿ ಸುಮ್ಮನಾಗಬೇಡ, ಕೂತ ಹೊತ್ತನ್ನೂ ಎಣಿಸು.

ದಾರಕ್ಕೆ ಬರೋಣ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಹೆಚ್ಚಿನದು ಅಕ್ರಿಲಿಕ್. ಅದೇನೂ ಕೆಟ್ಟದ್ದಲ್ಲ, ಒಗೆಯುವುದು ಸುಲಭ, ನುಸಿ ತಿನ್ನುವುದಿಲ್ಲ, ಚುಚ್ಚುವುದೂ ಕಡಿಮೆ. ಅನುಮಾನವಿದ್ದರೆ ಗೇಣುದ್ದದ ಎಳೆಯನ್ನು ಬಚ್ಚಲಲ್ಲಿ ಚಿಮಟದಿಂದ ಹಿಡಿದು ಸುಟ್ಟು ನೋಡು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಅಕ್ರಿಲಿಕ್ ಕರಗಿ ಗಟ್ಟಿ ಕರಿಮಣಿಯಾಗಿ ನಿಲ್ಲುತ್ತೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಅಡುಗೆಮನೆಯ ಮಸಿಬಟ್ಟೆಯನ್ನು ಅಕ್ರಿಲಿಕ್‌ನಲ್ಲಿ ಹೆಣೆಯುವುದಿಲ್ಲ. ಬಿಸಿ ಪಾತ್ರೆಗೆ ಅದು ಕರಗಿ ಕೈಗೆ ಅಂಟಿದರೆ ಚರ್ಮ ಕಿತ್ತುಬರುತ್ತೆ. ಮಸಿಬಟ್ಟೆಗೆ ಹತ್ತಿಯೇ ಆಗಬೇಕು. ನಮ್ಮ ಕುರಿಯ ಉಣ್ಣೆಯಲ್ಲಿ ಯಾಕೆ ಹೆಣೆಯಬಾರದು ಅಂತ ಕೇಳಬಹುದು. ಚಳ್ಳಕೆರೆಯ ಕಡೆಯ ಕಂಬಳಿ ಮುಟ್ಟಿದ್ದೀಯಲ್ಲ, ಆ ಉಣ್ಣೆ ಒರಟು. ಮಳೆಗೆ, ಚಳಿಗೆ ಹೊದೆಯಲು ಅದರಂಥದ್ದು ಇನ್ನೊಂದಿಲ್ಲ, ಎಳೆ ಚರ್ಮಕ್ಕೆ ಮಾತ್ರ ಬೇಡ.

ನಾದಿನಿ ಇರುವುದು ಮಂಗಳೂರಲ್ಲಿ ಆಗಿದ್ದರೆ ಉಲ್ಲನ್ ಬೇಡವೇ ಬೇಡ, ತೆಳು ಹತ್ತಿ ದಾರ ಸಾಕು ಅನ್ನುತ್ತಿದ್ದೆ. ಬೆಂಗಳೂರಿನ ಚಳಿಗೂ ಹಗಲಲ್ಲಿ ಹತ್ತಿ ಸಾಲುತ್ತೆ. ಸಕಲೇಶಪುರ, ಮಡಿಕೇರಿಯ ಕಡೆ ಉಲ್ಲನ್ ಬೇಕು, ಆದರೆ ದಪ್ಪ ಹೆಣಿಗೆ ಬೇಡ. ಅಲ್ಲಿ ಆಷಾಢ ಶ್ರಾವಣದ ಮಳೆಯಲ್ಲಿ ದಪ್ಪ ಬಟ್ಟೆ ವಾರವಾದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತೆ. ಒಂದು ದಪ್ಪ ಟೊಪ್ಪಿಯ ಬದಲು ಎರಡು ತೆಳುವಾದದ್ದು ಕೊಟ್ಟರೆ ಒಂದು ಒಣಗುವಾಗ ಇನ್ನೊಂದು ತಲೆಯ ಮೇಲಿರುತ್ತೆ. ಒಗೆದದ್ದನ್ನು ಹಗ್ಗಕ್ಕೆ ನೇತುಹಾಕಬಾರದು ಅಂತಲೂ ಅವಳಿಗೆ ಹೇಳು. ಒದ್ದೆ ಭಾರಕ್ಕೆ ಹೆಣಿಗೆ ಉದ್ದವಾಗುತ್ತೆ. ಟವೆಲಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಚಪ್ಪಟೆಯಾಗಿ ಹರಡಬೇಕು. ಉಣ್ಣೆಯನ್ನು ಬಿಸಿನೀರಲ್ಲಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗುತ್ತೆ, ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿ ತಾಗಿದರೆ ಜೋಲುಬಿದ್ದು ಜೀವ ಹೋಗುತ್ತೆ. ಎರಡೂ ಮತ್ತೆ ಸರಿಹೋಗುವುದಿಲ್ಲ.

ದಾರವನ್ನು ಒಟ್ಟಿಗೇ ಕೊಳ್ಳು. ಉಂಡೆಯ ಚೀಟಿಯ ಮೇಲೆ ಬಣ್ಣದ ನಂಬರ್ ಜೊತೆಗೆ ಲಾಟ್ ನಂಬರ್ ಇರುತ್ತೆ. ಅದು ಬೇರೆಯಾದರೆ ಅದೇ ಗುಲಾಬಿ ಹಗಲಲ್ಲಿ ಬೇರೆ ಗುಲಾಬಿಯಾಗಿ ಕಾಣುತ್ತೆ. ಮನೆಯಲ್ಲಿ ಹಳೆಯ ಕೈಹೆಣಿಗೆಯ ಸ್ವೆಟರ್ ಇದ್ದರೆ ಎಸೆಯಬೇಡ. ಬಿಚ್ಚಿ, ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಒಗೆದು ನೆರಳಲ್ಲಿ ಒಣಗಿಸಿದರೆ ಸುರುಳಿ ಬಿಡುತ್ತೆ. ಮತ್ತೆ ಉಂಡೆ ಸುತ್ತಿ ಹೆಣೆಯಬಹುದು. ನಮ್ಮ ಕಾಲದಲ್ಲಿ ಅಪ್ಪನ ಸ್ವೆಟರ್ ಮಗನ ಸ್ವೆಟರಾಗಿ, ಆಮೇಲೆ ಮಫ್ಲರ್ ಆಗಿ ಮನೆಯಲ್ಲೇ ಸುತ್ತುತ್ತಿತ್ತು.

ಮಗುವಿನ ವಸ್ತುವಿನಲ್ಲಿ ನಾನು ಕಟ್ಟುನಿಟ್ಟು. ಕತ್ತಿಗೆ ಕಟ್ಟುವ ಉದ್ದ ಲಾಡಿ ಬೇಡ. ಮುತ್ತು, ಗುಂಡಿ, ಕಿತ್ತು ಬಾಯಿಗೆ ಹೋಗುವ ಯಾವುದೂ ಬೇಡ. ಕುಚ್ಚಿನ ಚಟ ನಿನಗಿದೆ, ಅದನ್ನು ಸೀರೆಗೆ ಇಟ್ಟುಕೊ. ಕಾಲುಚೀಲ, ಕೈಗವಸನ್ನು ಕೊಡುವ ಮೊದಲು ಒಳಮಗ್ಗುಲು ತಿರುಗಿಸಿ ಬೆರಳು ಆಡಿಸಿ ನೋಡು. ಒಳಗೆ ಸಡಿಲ ಎಳೆ ಇದ್ದರೆ ಅದು ಮಗುವಿನ ಬೆರಳಿಗೆ ಸುತ್ತಿಕೊಳ್ಳುತ್ತೆ, ಬಿಗಿದು ರಕ್ತ ಓಡಾಡದಂತೆ ಮಾಡುತ್ತೆ. ಮಗು ಯಾಕೆ ಅಳುತ್ತಿದೆ ಅಂತ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ದಾರ ಮುಗಿದಲ್ಲಿ ಗಂಟು ಹಾಕಿ ಕತ್ತರಿಸಬೇಡ. ಗೇಣುದ್ದ ಬಿಟ್ಟು, ಮೊಂಡು ಸೂಜಿಯಲ್ಲಿ ಹೆಣಿಗೆಯ ಒಳಗೇ ಹೋಗುತ್ತಾ ಬರುತ್ತಾ ಪೋಣಿಸಿ ಮುಗಿಸು. ಅಂಚನ್ನು ಸಡಿಲವಾಗಿ ಮುಚ್ಚು, 10ನೇ ನಂಬರಲ್ಲಿ ಹೆಣೆದಿದ್ದರೆ ಕೊನೆಯ ಸಾಲಿಗೆ 8 ಹಿಡಿ. ಹಣೆಯ ಮೇಲೆ ಕೆಂಪು ಗೆರೆ ಮೂಡಬಾರದು.

ಇನ್ನೊಂದು ಮಾತು ಹಳಬರಿಗೆ ಹಿಡಿಸದಿದ್ದರೂ ಹೇಳಲೇಬೇಕು. ಮನೆಯೊಳಗೆ ಮಗುವನ್ನು ಮಲಗಿಸುವಾಗ ಟೊಪ್ಪಿ ತೆಗೆಯಬೇಕು. ಮಗುವಿನ ಮೈ ಬಿಸಿ ತಲೆಯಿಂದಲೇ ಹೆಚ್ಚು ಹೊರಹೋಗುವುದು. ನಿದ್ದೆಯಲ್ಲಿ ಮೈ ವಿಪರೀತ ಬಿಸಿಯಾಗುವುದು, ಟೊಪ್ಪಿ ಜಾರಿ ಮೂಗು ಮುಚ್ಚುವುದು ಎರಡೂ ಅಪಾಯ ಅಂತ ವೈದ್ಯರು ಹೇಳುತ್ತಾರೆ. ಎಣ್ಣೆನೀರು ಎರೆದ ಮೇಲೆ, ಹೊರಗೆ ಎತ್ತಿಕೊಂಡು ಹೋಗುವಾಗ ಹಾಕಲಿ. ಎತ್ತಿಡುವಾಗ ನುಸಿಗುಳಿಗೆಯನ್ನೂ ಹಾಕಬಾರದು. ಕೆಲವು ಕೂಸುಗಳ ರಕ್ತಕ್ಕೆ ಅದರ ಆವಿ ತಡೆಯುವುದಿಲ್ಲ, ಕಾಮಾಲೆ ಏರಿಬಿಡುತ್ತೆ. ಚೆನ್ನಾಗಿ ಬಿಸಿಲು ಕಾಯಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಸಾಕು.

ನಿನ್ನ ಗಂಡನ ಮಫ್ಲರಿಗೆ ಇಷ್ಟೆಲ್ಲ ತಲೆಬಿಸಿ ಇಲ್ಲ. 44 ಕುಣಿಕೆ ಹಾಕಿಕೊಂಡು ಎಲ್ಲ ಸಾಲೂ ಬರೀ ನಿಟ್ ಹೆಣೆ. ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಮಾಡಿದರೆ ಅಂಚು ಸುರುಳಿ ಸುತ್ತುತ್ತೆ, ಹೊಸಬರು ಇಲ್ಲೇ ಕೈಚೆಲ್ಲುವುದು. ನಾಲ್ಕು ಸಾಲಿಗೊಮ್ಮೆ ಕುಣಿಕೆ ಎಣಿಸು, 44 ಹೋಗಿ 47 ಆಗಿದ್ದರೆ ಅಲ್ಲೇ ಬಿಚ್ಚಿ ಸರಿಮಾಡು. ಬೆಳಕು ಎಡಗಡೆಯಿಂದ ಬರುವ ಹಾಗೆ ಕೂರು. ಅರ್ಧ ಗಂಟೆಗೊಮ್ಮೆ ಎದ್ದು ಕೈ ಕೊಡವು, ಮಣಿಕಟ್ಟು ನೋಯುತ್ತಿದ್ದರೆ ಅವತ್ತಿಗೆ ಮುಚ್ಚಿಡು.

ಬಣ್ಣ ಕೇಳಿದ್ದೆ. ಬಾಣಂತಿಗೆ ಇಷ್ಟವಾದದ್ದು ತಾ, ಅವಳನ್ನೇ ಕೇಳು. ಈ ವಾರ ಒಂದೇ ಒಂದು ಉಂಡೆ ಕೊಳ್ಳು, ಚೂರು ಹೆಣೆದು ಒಗೆದು ಒಣಗಿಸಿ ಅಳೆ. ಹತ್ತು ಸೆಂಟಿಮೀಟರಿಗೆ ಎಷ್ಟು ಕುಣಿಕೆ ಕೂತಿತು ಅಂತ ಭಾನುವಾರ ಫೋನ್ ಮಾಡಿ ಹೇಳು, ಟೊಪ್ಪಿಗೆ ಎಷ್ಟು ಹಾಕಬೇಕು ಅಂತ ಇಬ್ಬರೂ ಕೂತು ಲೆಕ್ಕ ಹಾಕೋಣ.